ಬೆಟ್ಟದ ಬುಡದ ಕಲ್ಲೆಣ್ಣೆ: ನಷ್ಟ ಯಾರದು, ಲಾಭ ಯಾರದು?

(ತಿಪಟೂರಿನಲ್ಲಿ ಗಿರಣಿ ಕಾರ್ಮಿಕರೂ ಸಣ್ಣ ವರ್ತಕರೂ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ತಿಪಟೂರಿನವರ ಮುಂದೆ ನಿಂತು ಎಣ್ಣೆಯ ವಿಚಾರ ಹೇಳುವುದೆಂದರೆ ಮೀನಿಗೆ ಈಜು ಕಲಿಸಿದಂತೆ ಎಂದು ನೀವು ನಗಬಹುದು. ಕೊಬ್ಬರಿಯ ವಾಸನೆಯಲ್ಲಿಯೇ ಹುಟ್ಟಿ ಬೆಳೆದ ಊರು ಇದು. ಆದರೆ ನಾವು ಇಂದು ಹೇಳಹೊರಟಿರುವುದು ಗಾಣದ ಎಣ್ಣೆಯ ಮಾತಲ್ಲ. ಭೂಮಿಯ ಹೊಟ್ಟೆಯೊಳಗಿನ ಕಲ್ಲೆಣ್ಣೆಯ ಮಾತು. ಅದರಲ್ಲಿಯೂ ಬೆಟ್ಟಸಾಲುಗಳ ಬುಡದಲ್ಲಿ, ಮುರಿದು ಮಡಿಚಿದ ಬಂಡೆಗಳ ನಡುವೆ ಅಡಗಿರುವ ಎಣ್ಣೆಯನ್ನು ಹುಡುಕುವ ಮಾತು.

ಇದು ನಮಗೆ ಏಕೆ ಬೇಕು? ಇಲ್ಲಿಯ ಉಂಡೆ ಕೊಬ್ಬರಿ ಉತ್ತರದ ಪಟ್ಟಣಗಳಿಗೆ ಲಾರಿಯಲ್ಲಿ ಹೋಗುತ್ತದೆ. ಲಾರಿ ಡೀಸೆಲಿನಿಂದ ಓಡುತ್ತದೆ. ಡೀಸೆಲಿನ ದರ ಏರಿದರೆ ಬಾಡಿಗೆ ಏರುತ್ತದೆ. ಏರಿದ ಬಾಡಿಗೆಯನ್ನು ದೂರದ ಕೊಳ್ಳುವವನು ಹೊರುವುದಿಲ್ಲ. ಇಲ್ಲಿಯ ಮಾರುಕಟ್ಟೆಯಲ್ಲಿಯೇ ಕೊಬ್ಬರಿಯ ದರದಲ್ಲಿ ಅದನ್ನು ಮುರಿದುಕೊಳ್ಳುತ್ತಾನೆ. ತುರುವೇಕೆರೆಯ ರೈತನ ಟ್ರಾಕ್ಟರು, ಚಿಕ್ಕನಾಯಕನಹಳ್ಳಿಯ ಅಂಗಡಿಗೆ ಸಾಮಾನು ತರುವ ಟೆಂಪೊ, ಕಾರ್ಮಿಕನ ಮನೆಯ ಅಡಿಗೆ ಸಿಲಿಂಡರು, ಎಲ್ಲದರ ಮೂಗುದಾರವೂ ಒಂದೇ ಕೈಯಲ್ಲಿದೆ. 2023-24ರಲ್ಲಿ ನಮ್ಮ ದೇಶ ತನ್ನ ನೆಲದಿಂದಲೂ ಕಡಲಿನಿಂದಲೂ ತೆಗೆದ ಕಚ್ಚಾ ತೈಲ ಸುಮಾರು 2 ಕೋಟಿ 90 ಲಕ್ಷ ಟನ್. ಅದೇ ವರ್ಷ ದೇಶ ಬಳಸಿದ ತೈಲ ಪದಾರ್ಥಗಳು 23 ಕೋಟಿ ಟನ್ನನ್ನು ಮೀರಿದವು. ನೂರಕ್ಕೆ 85ಕ್ಕೂ ಹೆಚ್ಚು ಪಾಲಿನ ಕಚ್ಚಾ ತೈಲಕ್ಕಾಗಿ ನಾವು ಹೊರದೇಶಗಳ ಕಡೆಗೆ ಕೈ ಚಾಚಿ ನಿಂತಿದ್ದೇವೆ. ಎಲ್ಲಿಯೋ ಕೊಲ್ಲಿಯಲ್ಲಿ ಯುದ್ಧದ ಸುದ್ದಿ ಹುಟ್ಟಿದರೆ ತಿಪಟೂರಿನ ಕೂಲಿಯವನ ಜೇಬು ತೂತಾಗುತ್ತದೆ.

ಹೀಗಿರುವಲ್ಲಿ ಜನ ಎರಡು ಪ್ರಶ್ನೆ ಕೇಳುತ್ತಾರೆ. ಹಿಮಾಲಯದ ತಪ್ಪಲಿನಲ್ಲಿ ಎಣ್ಣೆ ಇದೆಯಂತೆ, ಏಕೆ ತೆಗೆಯುವುದಿಲ್ಲ? ನಮ್ಮ ಚಿಕ್ಕನಾಯಕನಹಳ್ಳಿಯ ಬೆಟ್ಟಗಳಲ್ಲಿ ಕಬ್ಬಿಣವಿದೆ, ಮ್ಯಾಂಗನೀಸಿದೆ, ಎಣ್ಣೆ ಏಕಿಲ್ಲ? ಎರಡೂ ನ್ಯಾಯವಾದ ಪ್ರಶ್ನೆಗಳೇ.

ಅಟ್ಟದ ಪಾಠ

ಕಲ್ಲೆಣ್ಣೆ ಹುಟ್ಟುವ ರೀತಿಯನ್ನು ಇಲ್ಲಿಯ ಜನಕ್ಕೆ ವಿವರಿಸುವುದು ಸುಲಭ. ಕಾಯಿಯನ್ನು ಅಟ್ಟಕ್ಕೆ ಹಾಕುತ್ತೀರಿ. ಹತ್ತು ಹನ್ನೊಂದು ತಿಂಗಳು ಅದು ಅಲ್ಲಿಯೇ ಇರಬೇಕು. ಬೇಗ ಇಳಿಸಿದರೆ ಕಾಯಿ ಹಸಿ. ಶಾಖ ಮಿತಿಮೀರಿದರೆ ಕೊಬ್ಬರಿ ಕೆಟ್ಟಿತು. ಹದವಾದ ಬಿಸಿ, ಸಾಕಷ್ಟು ಕಾಲ, ಒಡೆಯದ ಚಿಪ್ಪು ಮೂರೂ ಕೂಡಿದಾಗ ಮಾತ್ರ ಒಳ್ಳೆಯ ಉಂಡೆ.

ಭೂಮಿಯ ಅಟ್ಟವೂ ಹೀಗೆಯೇ. ಒಂದು ಕಾಲದ ಕಡಲಿನ ತಳದಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳು ಸತ್ತು ಕೆಸರಿನಲ್ಲಿ ಹೂತುಹೋದವು. ಅದರ ಮೇಲೆ ಮರಳು, ಜೇಡಿ, ಸುಣ್ಣದ ಪದರಗಳು ಸಾವಿರಾರು ಅಡಿ ಬಿದ್ದವು. ಆಳಕ್ಕೆ ಹೋದಷ್ಟೂ ಬಿಸಿ ಹೆಚ್ಚು. ಆ ಕೆಸರು ಸುಮಾರು 60ರಿಂದ 120 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಲಕ್ಷಾಂತರ ವರ್ಷ ಕಾದರೆ ಎಣ್ಣೆಯಾಗುತ್ತದೆ. ಇನ್ನೂ ಹೆಚ್ಚು ಕಾದರೆ ಎಣ್ಣೆ ಒಡೆದು ಅನಿಲವಾಗುತ್ತದೆ. ಅದಕ್ಕೂ ಮೀರಿದರೆ ಉಳಿಯುವುದು ಬರೀ ಕರಿ. ಹುಟ್ಟಿದ ಎಣ್ಣೆ ನೀರಿಗಿಂತ ಹಗುರವಾದ್ದರಿಂದ ಮರಳುಗಲ್ಲಿನ ಸಣ್ಣ ರಂಧ್ರಗಳ ಮೂಲಕ ಮೇಲಕ್ಕೆ ಏರುತ್ತದೆ. ಎಲ್ಲಾದರೂ ಕಮಾನಿನಂತೆ ಬಾಗಿದ ಪದರ ಸಿಕ್ಕಿ, ಅದರ ಮೇಲೆ ಜೇಡಿಗಲ್ಲಿನ ಗಟ್ಟಿ ಮುಚ್ಚಳ ಇದ್ದರೆ ಅಲ್ಲಿಯೇ ಶೇಖರವಾಗುತ್ತದೆ. ಮುಚ್ಚಳ ಬಿರಿದರೆ ಎಣ್ಣೆ ನೆಲದ ಮೇಲೆ ಒಸರಿ ಹಾಳಾಗುತ್ತದೆ. ಕಲ್ಲೆಣ್ಣೆ ಎಂದರೆ ನೆಲದಡಿಯ ಕೆರೆಯಲ್ಲ. ಕಲ್ಲಿನ ರಂಧ್ರಗಳಲ್ಲಿ ತುಂಬಿಕೊಂಡಿರುವ ಎಣ್ಣೆ ಎಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು.

ನಮ್ಮ ಬೆಟ್ಟಗಳಲ್ಲಿ ಏಕಿಲ್ಲ?

ಮದಲಿಂಗನ ಕಣಿವೆಯ ರಸ್ತೆಯಲ್ಲಿ ಹೋಗುವಾಗ ಪಕ್ಕದ ಕಲ್ಲನ್ನು ನೋಡಿ. ಪದರ ಪದರವಾಗಿ, ನೆಟ್ಟಗೆ ನಿಂತ ಹಾಗೆ ಕಾಣುತ್ತದೆ. ಒಂದು ಕಾಲಕ್ಕೆ ಕಡಲಿನ ತಳದಲ್ಲಿ ಮಟ್ಟಸವಾಗಿ ಬಿದ್ದಿದ್ದ ಪದರಗಳೇ ಅವು. ಭೂಮಿಯ ಒತ್ತಡಕ್ಕೆ ಸಿಕ್ಕಿ ಮಡಿಚಿ, ಮುರಿದು, ಒಂದರ ಮೇಲೊಂದು ಹತ್ತಿ ನಿಂತಿವೆ. ಗದಗಿನಿಂದ ಹೊರಟು ಚಿತ್ರದುರ್ಗ, ಚಿಕ್ಕನಾಯಕನಹಳ್ಳಿಗಳ ಮೇಲೆ ಹಾಯ್ದು ಶ್ರೀರಂಗಪಟ್ಟಣದ ಕಡೆಗೆ ಹೋಗುವ ಈ ಕಲ್ಲಿನ ಪಟ್ಟಿಯನ್ನು ಭೂವಿಜ್ಞಾನಿಗಳು ಧಾರವಾಡ ಶಿಲಾವರ್ಗಕ್ಕೆ ಸೇರಿಸುತ್ತಾರೆ. ಆ ಹೆಸರನ್ನು 1880ರ ದಶಕದಲ್ಲಿ ಕೊಟ್ಟವನು ರಾಬರ್ಟ್ ಬ್ರೂಸ್ ಫೂಟ್. 1894ರಲ್ಲಿ ಸ್ಥಾಪನೆಯಾದ ಮೈಸೂರು ಭೂವಿಜ್ಞಾನ ಇಲಾಖೆ ಇದನ್ನು ಅಂಗುಲ ಅಂಗುಲವಾಗಿ ನಡೆದು ನಕ್ಷೆ ಮಾಡಿತು.

ಆದ್ದರಿಂದ ನಮ್ಮದೂ ಮಡಿಚಿ ಮುರಿದ ಬೆಟ್ಟಸಾಲೇ. ಹಿಮಾಲಯಕ್ಕೆ ನಮ್ಮ ಬೆಟ್ಟ ಮುತ್ತಜ್ಜನ ವರಸೆ. ಆದರೆ ಮುತ್ತಜ್ಜನ ವಯಸ್ಸೇ ಇಲ್ಲಿ ತೊಡಕು. ಈ ಕಲ್ಲುಗಳಿಗೆ 250 ಕೋಟಿ ವರ್ಷಕ್ಕೂ ಮಿಗಿಲಾದ ಪ್ರಾಯ. ಅಂದು ಭೂಮಿಯ ಮೇಲೆ ಇದ್ದ ಜೀವವೆಲ್ಲ ಕಣ್ಣಿಗೆ ಕಾಣದಷ್ಟು ಚಿಕ್ಕದು. ಇದ್ದ ಅಷ್ಟಿಷ್ಟು ಜೈವಿಕ ಪದಾರ್ಥವೂ ಭೂಮಿಯ ಆಳದಲ್ಲಿ ಬೆಂದು ಇಂಗಾಲದ ಕರಿ ಪದರವಾಗಿ ಕಲ್ಲಿನಲ್ಲಿ ಉಳಿದಿದೆ. ಅಟ್ಟದ ಮೇಲೆಯೇ ಸುಟ್ಟುಹೋದ ಕೊಬ್ಬರಿಯಿಂದ ಯಾವ ಗಾಣವೂ ಎಣ್ಣೆ ತೆಗೆಯಲಾರದು. ಸುತ್ತಲಿನ ಉಳಿದ ನೆಲ ಇನ್ನೂ ಹಳೆಯ ನೈಸ್ ಬಂಡೆ; ಅದರಲ್ಲಿ ಹನಿ ನೀರಿಗೂ ಬಿರುಕನ್ನೇ ಹುಡುಕಬೇಕು. ಆದಕಾರಣ ಯಾರಾದರೂ ಬಂದು ನಿಮ್ಮ ತೋಟದಡಿಯಲ್ಲಿ ಎಣ್ಣೆಯಿದೆ, ಷೇರು ಕೊಳ್ಳಿ ಎಂದರೆ ಅವನನ್ನು ಬಾಗಿಲಿನಿಂದಲೇ ಕಳುಹಿಸಿ.

ಒಂದು ವಿಚಿತ್ರವನ್ನು ಮಾತ್ರ ಹೇಳಬೇಕು. ಎಣ್ಣೆ ಕೊಡಲಾರದ ಕರ್ನಾಟಕದ ಈ ಗಟ್ಟಿ ಕಲ್ಲು ಎಣ್ಣೆಯನ್ನು ಕಾಪಾಡಬಲ್ಲದು. ಮಂಗಳೂರಿನಲ್ಲಿಯೂ ಉಡುಪಿ ಜಿಲ್ಲೆಯ ಪಾದೂರಿನಲ್ಲಿಯೂ ಬಂಡೆಯನ್ನು ಕೊರೆದು ಗುಹೆ ಮಾಡಿ, ಮಂಗಳೂರಿನಲ್ಲಿ 15 ಲಕ್ಷ ಟನ್, ಪಾದೂರಿನಲ್ಲಿ 25 ಲಕ್ಷ ಟನ್ ಕಚ್ಚಾ ತೈಲ ಹಿಡಿಯುವಂತೆ ಆಪತ್ಕಾಲದ ಕಣಜಗಳನ್ನು ಕಟ್ಟಿದ್ದಾರೆ. ಕಣಜ ನಮ್ಮದು, ಕಾಳು ಪರರದು.

ಹೆಂಚಿನ ಮಾಡಿನಂತೆ ಬೆಟ್ಟ

ಇನ್ನು ಎಳೆಯ ಬೆಟ್ಟಗಳ ಮಾತು. ನೆಲದ ಮೇಲೆ ಒಂದು ಕಂಬಳಿ ಹಾಸಿ, ಒಂದು ಅಂಚನ್ನು ಗೋಡೆಗೆ ಒತ್ತಿ ಹಿಡಿದು, ಇನ್ನೊಂದು ಅಂಚಿನಿಂದ ನೂಕಿ. ಕಂಬಳಿ ಅಲೆಅಲೆಯಾಗಿ ಮೇಲೇಳುತ್ತದೆ. ಇನ್ನೂ ನೂಕಿದರೆ ಒಂದು ಮಡಿಕೆ ಇನ್ನೊಂದರ ಮೇಲೆ ಮಗುಚಿ ಬೀಳುತ್ತದೆ. ಭಾರತದ ನೆಲ ಏಷ್ಯಾದ ನೆಲವನ್ನು ಹೀಗೆಯೇ ಕೋಟ್ಯಂತರ ವರ್ಷಗಳಿಂದ ನೂಕುತ್ತಿದೆ; ಇಂದಿಗೂ ನಿಂತಿಲ್ಲ. ಕಲ್ಲು ಕಂಬಳಿಯಷ್ಟು ಮೆತ್ತಗಿಲ್ಲವಾದ್ದರಿಂದ ಬಾಗಿ ಬಾಗಿ ಕೊನೆಗೆ ಸೀಳುತ್ತದೆ. ಸೀಳಿದ ಹಲಗೆ ಪಕ್ಕದ ಹಲಗೆಯ ಮೇಲೆ ಜಾರಿ ಏರುತ್ತದೆ. ಅದರ ಮೇಲೆ ಮತ್ತೊಂದು. ಮಂಗಳೂರು ಹೆಂಚು ಹೊದ್ದ ಮಾಡನ್ನು ನೆನೆದುಕೊಳ್ಳಿ. ಒಂದು ಹೆಂಚಿನ ಮೇಲೆ ಇನ್ನೊಂದು ಒರಗಿ ಕೂತ ಹಾಗೆ ಮೈಲಿಗಟ್ಟಲೆ ದಪ್ಪದ ಬಂಡೆಗಳು ಕೂತಿವೆ. ಇದಕ್ಕೆ ನೂಕು ಸ್ತರಭಂಗ ಎನ್ನುತ್ತಾರೆ.

ಇಂಥ ಕಡೆ ಎಣ್ಣೆಗೆ ಅನುಕೂಲವೂ ಉಂಟು. ಪ್ರತಿ ಮಡಿಕೆಯೂ ಒಂದು ಕಮಾನು. ಪ್ರತಿ ಕಮಾನೂ ಒಂದು ಉಗ್ರಾಣವಾಗಬಹುದು. ಲೋಕದ ಕೆಲವು ಮೊದಲ ದೊಡ್ಡ ಬಾವಿಗಳು ಬೆಟ್ಟದ ಬುಡದಲ್ಲಿಯೇ ಹುಟ್ಟಿದವು. ಪರ್ಷಿಯಾ ದೇಶದ ಜಾಗ್ರೋಸ್ ಪರ್ವತದ ತಪ್ಪಲಿನ ಮಸ್ಜಿದ್-ಎ-ಸುಲೇಮಾನಿನಲ್ಲಿ 1908ರ ಮೇ 26ರಂದು ಎಣ್ಣೆ ಚಿಮ್ಮಿತು. ಇಂದು ಪಾಕಿಸ್ತಾನದಲ್ಲಿರುವ ಪೋಠವಾರದ ಖೌರ್ ಎಂಬಲ್ಲಿ 1915ರಲ್ಲಿ ಸಿಕ್ಕಿತು. ನಮ್ಮ ಅಸ್ಸಾಮಿನ ಡಿಗ್ಬಾಯ್ ಇವೆರಡಕ್ಕಿಂತಲೂ ಹಿರಿದು. 1889ರಲ್ಲಿ ಅಲ್ಲಿ ತೋಡಲು ತೊಡಗಿದ ಬಾವಿ ಸುಮಾರು 660 ಅಡಿ ಆಳಕ್ಕೆ ಹೋಯಿತು. 1901ರಲ್ಲಿ ಅಲ್ಲಿ ಶುದ್ಧೀಕರಣ ಕಾರ್ಖಾನೆ ಬಂತು. ನಾಗಾ ಬೆಟ್ಟಗಳ ಬಂಡೆ ಅಸ್ಸಾಮಿನ ಬಯಲಿನ ಮೇಲೆ ಜಾರಿ ಹತ್ತಿರುವ ಅಂಚಿನಲ್ಲಿಯೇ ಡಿಗ್ಬಾಯ್ ಇದೆ.

ಆದರೆ ಅನುಕೂಲಕ್ಕಿಂತ ತೊಡಕು ದೊಡ್ಡದು. ಬಯಲಿನಲ್ಲಿ ಎಣ್ಣೆ ಹುಡುಕುವವರು ಸಣ್ಣ ಗುಂಡಿ ತೋಡಿ, ಸಿಡಿಮದ್ದು ಸಿಡಿಸಿ, ಅದರ ಸದ್ದು ಆಳದ ಪದರಗಳಿಗೆ ತಗಲಿ ಹಿಂದಿರುಗುವ ಪ್ರತಿಧ್ವನಿಯನ್ನು ಅಳೆಯುತ್ತಾರೆ. ಎಷ್ಟು ಹೊತ್ತಿಗೆ ಬಂತು ಎಂಬುದರಿಂದ ಆಳವನ್ನು ಲೆಕ್ಕ ಹಾಕುತ್ತಾರೆ. ಬೆಟ್ಟದಲ್ಲಿ ಈ ಲೆಕ್ಕ ತಾಳ ತಪ್ಪುತ್ತದೆ. ನೆಲ ಮಟ್ಟಸವಿಲ್ಲ. ಒಂದು ಕಲ್ಲಿನಲ್ಲಿ ಸದ್ದು ವೇಗವಾಗಿ, ಇನ್ನೊಂದರಲ್ಲಿ ನಿಧಾನವಾಗಿ ಹೋಗುತ್ತದೆ. ಪದರಗಳು ಕಡಿದಾಗಿ ನಿಂತಿರುವುದರಿಂದ ಪ್ರತಿಧ್ವನಿ ನೇರವಾಗಿ ಹಿಂದಿರುಗದೆ ಎತ್ತಲೋ ಹಾರುತ್ತದೆ. ಕಮಾನು ಇಲ್ಲಿದೆ ಎಂದು ಕಾಗದದ ಮೇಲೆ ಕಂಡರೆ ಅದು ನಿಜವಾಗಿ ಅರ್ಧ ಮೈಲಿ ಆಚೆ ಇರಬಹುದು. ಬಾವಿ ಕೊರೆಯುತ್ತ ಹೋದರೆ ಹಳೆಯ ಕಲ್ಲು ಮೇಲೆ, ಹೊಸ ಕಲ್ಲು ಕೆಳಗೆ; ಒಮ್ಮೆ ದಾಟಿದ ಪದರವೇ ಇನ್ನೊಮ್ಮೆ, ಮತ್ತೊಮ್ಮೆ ಎದುರಾಗುತ್ತದೆ. ಓರೆ ಪದರಗಳು ಕೊರೆಯುವ ಮೊನೆಯನ್ನು ಪಕ್ಕಕ್ಕೆ ಎಳೆಯುತ್ತವೆ, ಪುಡಿಯಾದ ಕಲ್ಲು ಕುಸಿದು ಕೊಳವೆಯನ್ನು ಹಿಡಿದುಕೊಳ್ಳುತ್ತದೆ. ಎಲ್ಲ ಮುಗಿಸಿ ಕೆಳಗೆ ಮುಟ್ಟಿದಾಗ ಮುಚ್ಚಳ ಎಂದೋ ಬಿರಿದು ಎಣ್ಣೆ ಸೋರಿಹೋಗಿರಲೂಬಹುದು. ಈಗಿನ ಗಣಕಯಂತ್ರಗಳು ನಾಲ್ಕು ಕಡೆಯಿಂದಲೂ ಪ್ರತಿಧ್ವನಿ ಹಿಡಿದು ನೆಲದೊಳಗಿನ ಚಿತ್ರವನ್ನು ಹೆಚ್ಚು ತಿಳಿಯಾಗಿ ಬಿಡಿಸುತ್ತವೆ, ನಿಜ. ಆದರೂ ಕೊನೆಯ ಮಾತು ಕೊರೆದು ನೋಡಿದವನದೇ.

ಹಿಮಾಚಲ ಪ್ರದೇಶದ ಜ್ವಾಲಾಮುಖಿ ದೇವಾಲಯದಲ್ಲಿ ಕಲ್ಲಿನ ಬಿರುಕಿನಿಂದ ಉರಿ ಏಳುವುದನ್ನು ಯಾತ್ರಿಕರು ತಲೆತಲಾಂತರದಿಂದ ನೋಡಿದ್ದಾರೆ. ಅದು ನೈಸರ್ಗಿಕ ಅನಿಲ. ಸ್ವತಂತ್ರ ಭಾರತದ ಎಣ್ಣೆ ಶೋಧಕರು 1957ರಲ್ಲಿ ತಮ್ಮ ಮೊದಲ ಆಳದ ಬಾವಿಯನ್ನು ಆ ಜ್ವಾಲಾಮುಖಿಯ ಹತ್ತಿರವೇ ಕೊರೆದರು. ಅನಿಲದ ಸುಳಿವು ಸಿಕ್ಕಿತು. ವ್ಯಾಪಾರಕ್ಕೆ ಸಾಲುವಷ್ಟು ಸಿಗಲಿಲ್ಲ. ಅನಂತರವೂ ಆ ತಪ್ಪಲಿನಲ್ಲಿ ಕೊರೆದ ಬಾವಿಗಳು ಬರಿಗೈಯನ್ನೇ ತೋರಿಸಿವೆ. ಇದು ಮೊದಲ ಪ್ರಶ್ನೆಗೆ ಉತ್ತರ: ಸುಳಿವು ಬೇರೆ, ಸಂಪತ್ತು ಬೇರೆ.

ಬರಿದಾದ ಬಾವಿಯ ಸಾಲ

ಬರಿದಾದ ಕೊಳವೆಬಾವಿಯ ನೋವು ನಿಮಗೆ ಹೇಳಿಕೊಡಬೇಕಾಗಿಲ್ಲ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಒಬ್ಬರು ನೀರು ತೋರಿಸುತ್ತಾರೆ. ಲಾರಿ ಬಂದು ಕೊರೆಯುತ್ತದೆ, ಧೂಳು ಏಳುತ್ತದೆ. ನೀರು ಬರಲಿ, ಬಾರದಿರಲಿ, ಕಾಯಿ ತಿರುಗಿಸಿದವನು ದಕ್ಷಿಣೆ ತೆಗೆದುಕೊಂಡು ಹೋಗುತ್ತಾನೆ, ಲಾರಿಯವನು ಅಡಿ ಲೆಕ್ಕದಲ್ಲಿ ಹಣ ಎಣಿಸಿಕೊಳ್ಳುತ್ತಾನೆ. ಸಾಲ ಉಳಿಯುವುದು ರೈತನ ತಲೆಗೆ. ಎಣ್ಣೆಯ ಬಾವಿಯಲ್ಲಿಯೂ ಕೇಳಬೇಕಾದ ಪ್ರಶ್ನೆ ಇದೇ: ಬರಿದಾದಾಗ ನಷ್ಟ ಯಾರದು? ತುಂಬಿದಾಗ ಲಾಭ ಯಾರದು?

ಪರ್ಷಿಯಾದಲ್ಲಿ ಡಾರ್ಸಿ ಎಂಬ ಧನಿಕ 1901ರಲ್ಲಿ ಪಡೆದ ಗುತ್ತಿಗೆಯ ಪ್ರಕಾರ ಆ ದೇಶಕ್ಕೆ ಸಿಗಬೇಕಾದದ್ದು ಲಾಭದಲ್ಲಿ ನೂರಕ್ಕೆ 16. ಉಳಿದದ್ದು ಕಂಪನಿಗೆ. 1951ರಲ್ಲಿ ಮೊಸಾದೆಗ್ ಅವರ ನಾಯಕತ್ವದಲ್ಲಿ ಆ ದೇಶ ತನ್ನ ಎಣ್ಣೆಯನ್ನು ರಾಷ್ಟ್ರೀಕರಣ ಮಾಡಿತು; 1953ರಲ್ಲಿ ಬ್ರಿಟನ್ ಮತ್ತು ಅಮೆರಿಕಗಳು ಸೇರಿ ಅವರ ಸರ್ಕಾರವನ್ನೇ ಉರುಳಿಸಿದವು. ಬಲೂಚಿಸ್ತಾನದ ಸುಯಿಯ ಮಡಿಕೆ ಬೆಟ್ಟಗಳಲ್ಲಿ 1952ರಲ್ಲಿ ಅನಿಲ ಸಿಕ್ಕಿತು. 1955ರ ಹೊತ್ತಿಗೆ ಅದು ಕೊಳವೆಯಲ್ಲಿ ಕರಾಚಿಗೆ ಹರಿಯಿತು. ಬಲೂಚಿಸ್ತಾನದ ರಾಜಧಾನಿ ಕ್ವೆಟ್ಟಾಕ್ಕೆ ಆ ಅನಿಲ ಮುಟ್ಟಿದ್ದು 1980ರ ದಶಕದಲ್ಲಿ. ತೋಟ ಒಬ್ಬನದು, ಎಳನೀರು ಇನ್ನೊಬ್ಬನದು.

ನಮ್ಮ ದೇಶ ಬೇರೆ ದಾರಿ ಹಿಡಿಯಿತು. ಸ್ವಾತಂತ್ರ್ಯ ಬಂದಾಗ ಎಣ್ಣೆಯ ವ್ಯಾಪಾರವೆಲ್ಲ ಪರದೇಶಿ ಕಂಪನಿಗಳ ಮುಷ್ಟಿಯಲ್ಲಿತ್ತು. ಕೇಶವ ದೇವ ಮಾಳವೀಯರು ಪಟ್ಟು ಹಿಡಿದು 1956ರ ಆಗಸ್ಟ್ 14ರಂದು ತೈಲ ಮತ್ತು ನೈಸರ್ಗಿಕ ಅನಿಲ ಆಯೋಗವನ್ನು ಎಬ್ಬಿಸಿ ನಿಲ್ಲಿಸಿದರು. ಸೋವಿಯತ್ ತಜ್ಞರ ನೆರವು ದೊರಕಿತು. ಜ್ವಾಲಾಮುಖಿಯಲ್ಲಿ ಕೈ ಸುಟ್ಟ ಮರುವರ್ಷವೇ, 1958ರಲ್ಲಿ, ಗುಜರಾತಿನ ಖಂಬಾತದ ಬಯಲಿನಲ್ಲಿ ಎಣ್ಣೆ ಸಿಕ್ಕಿತು. 1960ರಲ್ಲಿ ಅಂಕಲೇಶ್ವರ, 1974ರಲ್ಲಿ ಬೊಂಬಾಯಿಯ ಕಡಲು. ಇಲ್ಲೊಂದು ಸೂಕ್ಷ್ಮವಿದೆ, ವರ್ತಕರಾದ ನೀವು ಚೆನ್ನಾಗಿ ಬಲ್ಲಿರಿ. ಖಾಸಗಿ ವ್ಯಾಪಾರಿ ಒಂದು ಬಾವಿ ಬರಿದಾದರೆ ಅಂಗಡಿ ಮುಚ್ಚಿಕೊಂಡು ಹೋಗುತ್ತಾನೆ. ಒಂದು ಕಡೆಯ ನಷ್ಟವನ್ನು ಇನ್ನೊಂದು ಕಡೆಯ ಲಾಭದಿಂದ ತುಂಬಿಕೊಂಡು, ಹತ್ತಿಪ್ಪತ್ತು ವರ್ಷ ತಾಳಿಕೊಂಡು ಹುಡುಕಬಲ್ಲದ್ದು ಇಡೀ ರಾಷ್ಟ್ರದ ಬೆನ್ನುಬಲವಿರುವ ಸಂಸ್ಥೆ ಮಾತ್ರ. 1999ರಿಂದ ಶೋಧದ ಗುತ್ತಿಗೆಗಳನ್ನು ಖಾಸಗಿಯವರಿಗೂ ಪರದೇಶದವರಿಗೂ ಹರಾಜಿನಲ್ಲಿ ಕೊಡಲಾಗುತ್ತಿದೆ. ಆದರೆ ಬೆಟ್ಟದ ಬುಡದ ಕಷ್ಟದ ಕೆಲಸವನ್ನು ಹೆಚ್ಚಾಗಿ ಹೊತ್ತಿರುವುದು ಸಾರ್ವಜನಿಕ ಸಂಸ್ಥೆಗಳೇ. ಹಸನಾದ ಗದ್ದೆ ಗುತ್ತಿಗೆದಾರನಿಗೆ, ಕಲ್ಲುಗುಡ್ಡ ಮಾತ್ರ ಸರ್ಕಾರಕ್ಕೆ ಎಂಬ ಪಾಲುಪಟ್ಟಿಯನ್ನು ನಾವು ಒಪ್ಪಲಾರೆವು.

ನೆಲದ ಮಕ್ಕಳ ಮಾತು

ಸಾರ್ವಜನಿಕ ಸಂಸ್ಥೆ ಎಂದ ಮಾತ್ರಕ್ಕೆ ಎಲ್ಲವೂ ಸರಿಯಾಗುವುದಿಲ್ಲ. ಕೆಲಸ ಮಾಡುವವನನ್ನೂ ನೆಲ ಬಿಟ್ಟುಕೊಟ್ಟವನನ್ನೂ ಮರೆತರೆ ಅದೂ ಇನ್ನೊಂದು ಕಂಪನಿಯೇ ಆದೀತು.

ಡಿಗ್ಬಾಯಿಯ ಎಣ್ಣೆ ಕಾರ್ಮಿಕರು 1939ರಲ್ಲಿ ಕೂಲಿಗಾಗಿ, ಸಂಘದ ಮಾನ್ಯತೆಗಾಗಿ ಮುಷ್ಕರ ಹೂಡಿದರು. ಏಪ್ರಿಲಿನಲ್ಲಿ ಗುಂಡು ಹಾರಿತು, ಕಾರ್ಮಿಕರು ಸತ್ತರು. ಮಹಾಯುದ್ಧ ಆರಂಭವಾದದ್ದೇ ನೆಪವಾಗಿ ಮುಷ್ಕರವನ್ನು ಮುರಿಯಲಾಯಿತು. ಅಂದು ಬಾವಿ ಪರದೇಶಿ ಕಂಪನಿಯದು.

ನಾಗಾಲ್ಯಾಂಡಿನ ವೋಖಾ ಜಿಲ್ಲೆಯ ಚಾಂಗ್‌ಪಾಂಗ್ ಎಂಬಲ್ಲಿ, ನಾವು ಹೇಳಿದ ಹೆಂಚಿನ ಮಾಡಿನಂಥ ಬಂಡೆಗಳ ನಡುವೆಯೇ, ಸಾರ್ವಜನಿಕ ಆಯೋಗ 1973ರಲ್ಲಿ ಎಣ್ಣೆ ಕಂಡುಹಿಡಿಯಿತು. 1981ರಿಂದ ತೆಗೆಯತೊಡಗಿತು. ನೆಲದ ಒಡೆತನ ಯಾರದು, ಜನಕ್ಕೆ ಸೇರಬೇಕಾದ ಪಾಲೆಷ್ಟು ಎಂಬುದು ತೀರ್ಮಾನವಾಗಲಿಲ್ಲ. ಸೋರಿದ ಎಣ್ಣೆ ಗದ್ದೆಗೆ ಹರಿಯಿತು ಎಂಬ ದೂರು ಎದ್ದಿತು. ಕೊನೆಗೆ 1994ರಲ್ಲಿ ಕೆಲಸ ನಿಂತಿತು. ನೆಲ ಮತ್ತು ಅದರ ಸಂಪತ್ತಿನ ವಿಚಾರದಲ್ಲಿ ಆ ರಾಜ್ಯಕ್ಕೆ ಸಂವಿಧಾನದ 371ಎ ವಿಧಿ ವಿಶೇಷ ರಕ್ಷಣೆ ಕೊಟ್ಟಿದೆ. ದೆಹಲಿ ಅದನ್ನು ಒಂದು ರೀತಿ ಓದಿತು, ಕೊಹಿಮಾ ಇನ್ನೊಂದು ರೀತಿ ಓದಿತು. ಎಣ್ಣೆ ಸಿಕ್ಕಿಯೂ ಸಿಗದಂತಾಯಿತು. ಕಲ್ಲು ಸೋಲಿಸದಿದ್ದಲ್ಲಿ ಅನ್ಯಾಯ ಸೋಲಿಸಿತು.

2020ರ ಮೇ 27ರಂದು ಅಸ್ಸಾಮಿನ ಬಾಘಜಾನಿನಲ್ಲಿ ಆಯಿಲ್ ಇಂಡಿಯಾ ಸಂಸ್ಥೆಯ ಅನಿಲದ ಬಾವಿಯೊಂದು ಹತೋಟಿ ತಪ್ಪಿ ಉಕ್ಕಿತು. ಜೂನ್ 9ರಂದು ಬೆಂಕಿ ಹತ್ತಿತು. ಇಬ್ಬರು ಅಗ್ನಿಶಾಮಕ ನೌಕರರು ಪ್ರಾಣ ತೆತ್ತರು. ಸಾವಿರಾರು ಜನ ಮನೆ ಬಿಟ್ಟರು. ಬೆಂಕಿ ಪೂರ್ತಿ ಆರಿದ್ದು ನವೆಂಬರಿನಲ್ಲಿ.

ಇದೆಲ್ಲ ದೂರದ ಕತೆ ಎಂದು ಚಿಕ್ಕನಾಯಕನಹಳ್ಳಿಯವರು ಹೇಳಲಾರರು. ಕಬ್ಬಿಣದ ಅದಿರಿಗೆ ಚೀನಾದಲ್ಲಿ ಬೆಲೆ ಏರಿದಾಗ ಇಲ್ಲಿಯ ರಸ್ತೆಗಳಲ್ಲಿ ಅದಿರಿನ ಲಾರಿಗಳ ಸಾಲು ಹೇಗಿತ್ತು, ತೆಂಗಿನ ಗರಿಯ ಮೇಲೆ ಕೆಂಪು ಧೂಳು ಹೇಗೆ ಕೂತಿತ್ತು ಎಂಬುದು ಎಲ್ಲರಿಗೂ ನೆನಪಿದೆ. 2011ರಲ್ಲಿ ಲೋಕಾಯುಕ್ತರ ವರದಿ ಬಂತು. ಅದೇ ವರ್ಷ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ತುಮಕೂರು, ಚಿತ್ರದುರ್ಗ ಜಿಲ್ಲೆಗಳ ಅದಿರು ಗಣಿಗಾರಿಕೆಯನ್ನು ನಿಲ್ಲಿಸಿತು. 2013ರ ಏಪ್ರಿಲಿನ ತೀರ್ಪಿನಲ್ಲಿ ಗಣಿಗಳನ್ನು ಮೂರು ದರ್ಜೆಯಾಗಿ ವಿಂಗಡಿಸಿ, ಹೆಚ್ಚು ಅಕ್ರಮ ನಡೆಸಿದವುಗಳ ಗುತ್ತಿಗೆಯನ್ನು ರದ್ದು ಮಾಡಿತು. ಲಾಭದ ಕಾಲದಲ್ಲಿ ಕೂಲಿಗಾರನಿಗೆ ದಿನಗೂಲಿ. ನಿಂತ ದಿನ ಅದೂ ಇಲ್ಲ. ಬೆಟ್ಟ ಮಾತ್ರ ಗುಂಡಿಯಾಗಿ ಉಳಿಯಿತು.

ಆ ಅನುಭವದಿಂದ ದೇಶ ಒಂದು ಪಾಠ ಕಲಿಯಿತು. 2015ರ ಗಣಿ ಕಾನೂನಿನ ತಿದ್ದುಪಡಿಯಂತೆ ಪ್ರತಿ ಗಣಿ ಜಿಲ್ಲೆಯಲ್ಲಿಯೂ ಜಿಲ್ಲಾ ಖನಿಜ ಪ್ರತಿಷ್ಠಾನ ಇರಬೇಕು; ಹಳೆಯ ಗುತ್ತಿಗೆದಾರರು ರಾಜಧನದ ಮೇಲೆ ನೂರಕ್ಕೆ 30ರಷ್ಟು, ಹರಾಜಿನಲ್ಲಿ ಪಡೆದವರು ನೂರಕ್ಕೆ 10ರಷ್ಟು ಹೆಚ್ಚು ಹಣವನ್ನು ಅದಕ್ಕೆ ಕಟ್ಟಬೇಕು; ಆ ಹಣ ಗಣಿಯಿಂದ ನೊಂದ ಹಳ್ಳಿಗಳಿಗೇ ಸೇರಬೇಕು. ಆದರೆ ಎಣ್ಣೆ ಮತ್ತು ಅನಿಲ ಬೇರೊಂದು ಕಾನೂನಿಗೆ ಸೇರಿದ್ದರಿಂದ ಬಾಘಜಾನ್, ಚಾಂಗ್‌ಪಾಂಗುಗಳ ಜನಕ್ಕೆ ಈ ಕಾನೂನಿನ ಆಸರೆ ಇಲ್ಲ. ಕಬ್ಬಿಣ ಅಗೆದರೆ ಹಳ್ಳಿಗೆ ಪಾಲುಂಟು, ಎಣ್ಣೆ ತೆಗೆದರೆ ಇಲ್ಲ ಎಂಬುದು ಯಾವ ನ್ಯಾಯ?

ನಾವು ಕೇಳುವುದು

ಮಿತ್ರರೇ, ನಮ್ಮ ಬೇಡಿಕೆಗಳು ಮೂರು. ಒಂದು, ಕಷ್ಟದ ಬೆಟ್ಟಗಳ ಶೋಧ ಸಾರ್ವಜನಿಕ ಸಂಸ್ಥೆಗಳ ಕೈಯಲ್ಲಿಯೇ ಮುಂದುವರಿಯಲಿ. ಆದರೆ ಯಾವ ಬಾವಿಗೆ ಎಷ್ಟು ವೆಚ್ಚ, ಏನು ಫಲ ಎಂಬ ಲೆಕ್ಕ ಜನಕ್ಕೆ ಅರ್ಥವಾಗುವ ಭಾಷೆಯಲ್ಲಿ ಬಹಿರಂಗವಾಗಲಿ. ಬರಿದಾದ ಬಾವಿ ಅಪರಾಧವಲ್ಲ. ಮುಚ್ಚಿಟ್ಟ ಲೆಕ್ಕ ಅಪರಾಧ. ಎರಡು, ಗಣಿ ಜಿಲ್ಲೆಗಳಿಗೆ ಇರುವಂತೆ ಎಣ್ಣೆಯ ಜಿಲ್ಲೆಗಳಿಗೂ ಕಾನೂನುಬದ್ಧ ಪಾಲು ಬರಲಿ, ಹಣ ಖರ್ಚಾಗುವ ಮುನ್ನ ಗ್ರಾಮಸಭೆಯ ಮಾತು ನಡೆಯಲಿ. ಮೂರು, ಬಾವಿಯ ಮೇಲೆ ದುಡಿಯುವ ಗುತ್ತಿಗೆ ಕಾರ್ಮಿಕನಿಗೂ ಕಾಯಂ ಕಾರ್ಮಿಕನಿಗೂ ಒಂದೇ ರಕ್ಷಣೆ ದೊರೆಯಲಿ; ಬೆಂಕಿಗೆ ಇಬ್ಬರ ಮೈಯೂ ಒಂದೇ.

ಎಣ್ಣೆಯನ್ನು ಸುಟ್ಟಷ್ಟೂ ಲೋಕದ ಗಾಳಿ ಕಾಯುತ್ತಿದೆ. ಮಳೆ ಹದ ತಪ್ಪಿದರೆ ಮೊದಲು ಒಣಗುವುದು ನಮ್ಮ ತೆಂಗಿನ ಸುಳಿ. ಆದ್ದರಿಂದ ಕಲ್ಲೆಣ್ಣೆಯ ಯುಗ ಶಾಶ್ವತವೆಂದು ನಾವು ನಂಬುವುದಿಲ್ಲ. ಬಿಸಿಲಿನಿಂದ ವಿದ್ಯುತ್ತು ತೆಗೆಯುವ ಕೆಲಸ ನಮ್ಮ ಜಿಲ್ಲೆಯ ಪಾವಗಡದಲ್ಲಿಯೇ ನಡೆದಿದೆ. ಆದರೆ ಲಾರಿಗಳೆಲ್ಲ ಬಿಸಿಲಿನಿಂದ ಓಡುವ ದಿನ ಬರುವ ತನಕ ಎಣ್ಣೆಯ ಲೆಕ್ಕ ನಮ್ಮ ಲೆಕ್ಕವೇ.

ಕೊಬ್ಬರಿಯ ತೂಕದಲ್ಲಿ ಒಂದು ಕಿಲೋ ಕಡಿಮೆ ಬಂದರೆ ತಕ್ಕಡಿಯನ್ನು ಹಿಡಿದು ನಿಲ್ಲಿಸುವ ಜನ ನೀವು. ರಾಷ್ಟ್ರದ ಎಣ್ಣೆಯ ತಕ್ಕಡಿಯ ಮುಂದೆಯೂ ಅದೇ ಧೈರ್ಯದಿಂದ ನಿಲ್ಲಬೇಕು. ಮುಂದೆ ನಿಮ್ಮಲ್ಲಿ ಮತ ಕೇಳಲು ಯಾರು ಬಂದರೂ ಈ ಮೂರು ಬೇಡಿಕೆಗಳನ್ನು ಅವರ ಮುಂದಿಡಿ, ಉತ್ತರವನ್ನು ಕೇಳಿ ತೆಗೆದುಕೊಳ್ಳಿ.